ಮಳೆಗಾಲದ ತರಗತಿಯಲ್ಲಿ ಕೇಳದ ಮಗು, ಕಾಣದ ಮಗು, ಓದು ಹತ್ತದ ಮಗು

(ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಶಾಲೆ ಬಾಗಿಲು ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ. ಜೂನ್‌ನಲ್ಲಿ ಮಗು ಒಂದನೇ ತರಗತಿಗೆ ಕಾಲಿಡುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಮುಗಿಯುವ ಹೊತ್ತಿಗೆ ಮೇಷ್ಟ್ರ ಮನಸ್ಸಿನಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ: ಇವನು ಚುರುಕು, ಇವಳು ಪರವಾಗಿಲ್ಲ, ಇವನ ತಲೆಗೆ ಹತ್ತುವುದಿಲ್ಲ. ಇವತ್ತಿನ ಮಾತೆಲ್ಲ ಈ ಮೂರನೆಯ ಮಗುವಿನ ಬಗ್ಗೆ. ಆ ಎರಡು ತಿಂಗಳು ತರಗತಿಯಲ್ಲಿ ಬೆಳಕು ಇರುವುದಿಲ್ಲ. ಮಾಡಿನ ಮೇಲೆ ನೀರು ಸುರಿಯುವ ಸದ್ದಿನಲ್ಲಿ ಪಾಠ ಕೇಳುವುದಿಲ್ಲ. ಹಳ್ಳ ತುಂಬಿ ಕಾಲುಸಂಕ ಮುಳುಗಿದ ದಿನ ಮಗು ಶಾಲೆಗೆ ಬರುವುದೇ ಇಲ್ಲ. ಇಡೀ ವರ್ಷದಲ್ಲಿ ಕಲಿಯುವುದಕ್ಕೆ ಅತಿ ಕಷ್ಟದ ಆ ಎರಡು ತಿಂಗಳಲ್ಲೇ ನಾವು ಮಗುವನ್ನು ಅಳೆಯುತ್ತೇವೆ, ಆ ಅಳತೆ ಏಳನೇ ತರಗತಿಯವರೆಗೂ ಅದರ ಬೆನ್ನು ಬಿಡುವುದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ವಿಶೇಷ ಶಿಕ್ಷಣದ ಕೆಲಸ ಮಳೆಯಿಂದಲೇ ಶುರುವಾಗಬೇಕು. ಮಗುವಿಗೆ ಯಾವ ಹೆಸರನ್ನೂ ಇಡುವ ಮೊದಲು ಅದಕ್ಕೆ ಕೇಳಿಸುತ್ತಿದೆಯೇ, ಕಾಣಿಸುತ್ತಿದೆಯೇ, ನೆಟ್ಟಗೆ ಕೂರಲು ಆಗುತ್ತಿದೆಯೇ ಎಂದು ನೋಡಬೇಕು.

ಕಾಯ್ದೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ (ಬೇರೆಯವರೊಂದಿಗೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ), ನಿರ್ದಿಷ್ಟ ಕಲಿಕಾ ನ್ಯೂನತೆ, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳು ಆಗ ಪಟ್ಟಿಗೆ ಸೇರಿದವು. 40 ಪರ್ಸೆಂಟ್ ಅಥವಾ ಅದಕ್ಕೂ ಹೆಚ್ಚಿನ ವಿಕಲತೆ ಇದೆ ಎಂದು ಪ್ರಮಾಣಪತ್ರ ಆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪಕ್ಕದ ಶಾಲೆ ಬೇಕೋ ವಿಶೇಷ ಶಾಲೆ ಬೇಕೋ ಎಂಬುದು ಆ ಮಗುವಿನ, ಮನೆಯವರ ಆಯ್ಕೆ. 'ಇಂಥ ಮಗುವನ್ನು ನಮ್ಮಲ್ಲಿ ಸೇರಿಸಿಕೊಳ್ಳೋಕಾಗಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ' ಎಂದು ಹೇಳುವ ಅಧಿಕಾರ ಯಾವ ಸರ್ಕಾರಿ ಶಾಲೆಗೂ ಇಲ್ಲ. ಆದರೆ ಒಂದು ಮಾತು ನೆನಪಿರಲಿ. 40 ಎಂಬುದು ಸವಲತ್ತು ಹಂಚಲು ಎಳೆದ ಗೆರೆ. ಅದರ ಕೆಳಗಿರುವ ಮಗುವಿಗೂ ಪಾಠ ತಪ್ಪಿಹೋಗುತ್ತಲೇ ಇರುತ್ತದೆ. ಗಮನ ನಿಲ್ಲದ, ಚಡಪಡಿಸುವ ಎಡಿಎಚ್‌ಡಿ ಮಕ್ಕಳು ಆ 21ರ ಪಟ್ಟಿಯಲ್ಲೇ ಇಲ್ಲ, ನಿಮ್ಮ ತರಗತಿಯಲ್ಲಂತೂ ಇದ್ದಾರೆ.

ಕಿವಿಯ ವಿಷಯದಲ್ಲಿ ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ (ಸದ್ದಿನ ಗಟ್ಟಿತನದ ಅಳತೆ) ನಷ್ಟವಿದ್ದರೆ 'ಮಂದ ಶ್ರವಣ', 70ಕ್ಕೆ ಮೇಲ್ಪಟ್ಟರೆ 'ಕಿವುಡು'. 40 ಡೆಸಿಬೆಲ್ ನಷ್ಟವಿರುವ ಮಗುವಿಗೆ ವಿಕಲತೆಯ ಪ್ರಮಾಣಪತ್ರ ಸಿಗುವುದಿಲ್ಲ. ಈಗ ಲೆಕ್ಕ ನೋಡಿ. ಒಂದು ಮೀಟರ್ ದೂರದಲ್ಲಿ ನಮ್ಮ ಸಾಮಾನ್ಯ ಮಾತಿನ ಗಟ್ಟಿತನ ಸುಮಾರು 60 ಡೆಸಿಬೆಲ್. ದೂರ ಎರಡರಷ್ಟಾದಾಗಲೆಲ್ಲ ಅದು 6 ಡೆಸಿಬೆಲ್ ಇಳಿಯುತ್ತದೆ: ಎರಡು ಮೀಟರಿಗೆ 54, ನಾಲ್ಕು ಮೀಟರಿಗೆ 48. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಒಂದಿಷ್ಟು ಸದ್ದನ್ನು ಸೇರಿಸುತ್ತದೆ ನಿಜ, ಆದರೆ ಮಾತಿನ ಅಂಚನ್ನೇ ಕಲಸಿಬಿಡುತ್ತದೆ. ಕೊನೆಯ ಬೆಂಚಿನಲ್ಲಿ ಕೂತ ಆ ಮಗುವಿಗೆ ಉಳಿಯುವುದು ಪಿಸುಮಾತಿನಷ್ಟು. ಶ್ರವಣದೋಷವಿರುವ ಮಗುವಿಗೆ ಪಾಠ ಅರ್ಥವಾಗಬೇಕಾದರೆ ಮಾತು ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟು ಮೇಲಿರಬೇಕು. ತಗಡಿನ ಶೀಟಿನ ಮೇಲೆ ಮಳೆ ಧೋ ಎಂದು ಸುರಿಯುವಾಗ ಗದ್ದಲವೇ ಮಾತನ್ನು ಮೀರಿರುತ್ತದೆ. ಆಗ ಎಷ್ಟು ಕೂಗಿದರೂ ಉಪಯೋಗವಿಲ್ಲ. ಕೂಗಿದಾಗ ಸ್ವರಗಳು ಗಟ್ಟಿಯಾಗುತ್ತವೆ, ವ್ಯಂಜನಗಳು ಅಷ್ಟು ಗಟ್ಟಿಯಾಗುವುದಿಲ್ಲ.

ಈ ಸ್ವರ-ವ್ಯಂಜನದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಾತಿನಲ್ಲಿ ಆ, ಊ, ಓ ಸ್ವರಗಳಿಗೆ ಬಲ ಹೆಚ್ಚು. ಸ, ಶ, ಹ, ಕ, ತ, ಪ ವ್ಯಂಜನಗಳು ಉಸಿರಿನಷ್ಟೇ ತೆಳು. ಕಿವಿ ಮಂದವಾದರೆ ಮೊದಲು ತಪ್ಪಿಹೋಗುವುದು ಇವೇ. ಹಾಲು, ಕಾಲು, ಸಾಲು, ಪಾಲು ಎಂದು ನೀವು ನಾಲ್ಕು ಪದ ಹೇಳಿದರೆ ಆ ಮಗುವಿಗೆ ನಾಲ್ಕು ಸಲ 'ಆಲು' ಎಂದು ಕೇಳುತ್ತದೆ. ಅದು ನಿಮ್ಮ ಮುಖ ನೋಡಿ, ಪಕ್ಕದವನ ಸ್ಲೇಟು ನೋಡಿ, ಊಹಿಸಿ ಬರೆಯುತ್ತದೆ. ಉಕ್ತಲೇಖನದ ಪುಸ್ತಕ ತೆಗೆದು ನೋಡಿ: ತಪ್ಪುಗಳೆಲ್ಲ ಪದದ ಮೊದಲ ವ್ಯಂಜನದಲ್ಲೇ ಇದ್ದು, ಸ್ವರಗಳು ಸರಿಯಿದ್ದರೆ ಕಿವಿಯ ಮೇಲೆ ಅನುಮಾನ ಪಡಿ. ಒಂದು ಎಚ್ಚರಿಕೆ. ಮನೆಮಾತಿನಲ್ಲೇ ಹಕಾರ ಬಿಡುವ ಮಕ್ಕಳು 'ಆಲು' ಎಂದೇ ಬರೆಯುತ್ತಾರೆ. ಅದು ಊರಿನ ಮಾತು, ದೋಷವಲ್ಲ. ಹಕಾರ ಒಂದೇ ತಪ್ಪಿದ್ದರೆ ಬಿಡಿ. ಸ, ಕ, ಪ ಕೂಡ ಅದಲುಬದಲಾಗುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಲೇಬೇಕು.

ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ನೆಗಡಿ ಬಿಟ್ಟೂಬಿಡದೆ ಹಿಡಿದ ಮಗುವಿನ ಮಧ್ಯಕಿವಿಯಲ್ಲಿ ನೀರು ನಿಲ್ಲುತ್ತದೆ, ಕೆಲವರಿಗೆ ಕಿವಿ ಸೋರುತ್ತದೆ. ಆ ವಾರಗಳಲ್ಲಿ ಕೇಳುವಿಕೆ ಕುಸಿಯುತ್ತದೆ, ನೆಗಡಿ ಇಳಿದ ಮೇಲೆ ಮತ್ತೆ ಏರುತ್ತದೆ. ಇದೇ ಮಗುವನ್ನು ನಾವು 'ಮನಸ್ಸು ಬಂದ್ರೆ ಕೇಳ್ತಾನೆ, ಇಲ್ದಿದ್ರೆ ಇಲ್ಲ' ಎಂದು ಬೈಯುವುದು. ಸೋರುವ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವ ರೂಢಿ ಇನ್ನೂ ಇದೆ. ತಮಟೆ ತೂತಾಗಿದ್ದರೆ ಆ ಎಣ್ಣೆ ನೇರ ಒಳಗೆ ಇಳಿಯುತ್ತದೆ. ದಯವಿಟ್ಟು ತಾಯಂದಿರ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿ. ಕಿವಿ ಒಣಗಿರಲಿ, ಏನನ್ನೂ ಹಾಕದೆ ಪಿಎಚ್‌ಸಿಗೆ ಕರೆದೊಯ್ಯಲಿ. ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಆ ಮಗುವಿನ ಹೆಸರನ್ನು ಮೊದಲೇ ಬರೆದು ಕೊಡಿ. ತಂಡ ಬಂದ ದಿನ ಆ ಮಗು ರಜೆಯಲ್ಲಿದ್ದರೆ ಮತ್ತೊಂದು ವರ್ಷ ಕಳೆದುಹೋಗುತ್ತದೆ.

ಶ್ರವಣಯಂತ್ರ ಹಾಕಿಕೊಂಡ ಮಗು ನಿಮ್ಮ ತರಗತಿಯಲ್ಲಿದ್ದರೆ ಬೆಳಿಗ್ಗೆ ಒಂದು ನಿಮಿಷದ ಕೆಲಸವಿದೆ. ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು ಆರು ದನಿಗಳನ್ನು ಒಂದೊಂದಾಗಿ ಹೇಳಿ: ಮ್, ಊ, ಆ, ಈ, ಶ್, ಸ್. ಇದಕ್ಕೆ ಲಿಂಗ್ ಪರೀಕ್ಷೆ ಎನ್ನುತ್ತಾರೆ. ಮಾತಿನ ತಗ್ಗಿನ ದನಿಯಿಂದ ಹೆಚ್ಚಿನ ದನಿಯವರೆಗೆ ಇಡೀ ಹರವು ಈ ಆರರಲ್ಲಿ ಬಂದುಹೋಗುತ್ತದೆ. ಮಗು ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಒಂದೇ ತಾಳದಲ್ಲಿ ಹೇಳಬೇಡಿ, ಮಧ್ಯೆ ಬಿಡುವು ಬದಲಿಸಿ. ಇಲ್ಲದಿದ್ದರೆ ಮಗು ಲೆಕ್ಕ ಹಾಕಿ ಹೇಳಿಬಿಡುತ್ತದೆ. ನಿನ್ನೆ ಆರೂ ಹೇಳಿದ ಮಗು ಇವತ್ತು ಶ್, ಸ್ ಬಿಟ್ಟರೆ ಯಂತ್ರದಲ್ಲೇ ಏನೋ ಆಗಿದೆ: ಸೆಲ್ ಇಳಿದಿರಬಹುದು, ಕಿವಿಯೊಳಗೆ ಕೂರುವ ಅಚ್ಚಿನ ತೂತಿನಲ್ಲಿ ಗುಗ್ಗೆ ಕಟ್ಟಿರಬಹುದು, ಕೊಳವೆಯಲ್ಲಿ ನೀರಿನ ಹನಿ ನಿಂತಿರಬಹುದು. ಯಂತ್ರ ಕುಂಯ್ಯೆಂದು ಕೂಗುತ್ತಿದ್ದರೆ ಅಚ್ಚು ಸಡಿಲವಾಗಿದೆ ಎಂದು ಅರ್ಥ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚನ್ನು ಹೊಸದಾಗಿ ಮಾಡಿಸಬೇಕು. ಸದ್ದು ಕಿರಿಕಿರಿ ಎಂದು ಯಂತ್ರದ ಗಟ್ಟಿತನ ಇಳಿಸಿಬಿಡುವುದು ಎಲ್ಲೆಲ್ಲೂ ನಡೆಯುವ ತಪ್ಪು. ಆಮೇಲೆ ಮಗು ಕಿವಿಗೆ ಬರೀ ಅಲಂಕಾರ ಹಾಕಿಕೊಂಡು ಕೂತಿರುತ್ತದೆ.

ಕಿವಿಯ ಹಿಂದೆ ಕೂರುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಹಾಕುವುದು ಜಿಂಕ್-ಏರ್ ಸೆಲ್. ಅಂಟಿಸಿದ ಪಟ್ಟಿಯ ಬಣ್ಣ ನೋಡಿ ಅಳತೆ ಗುರುತಿಸಬಹುದು: ಕಿತ್ತಳೆ ಬಣ್ಣ 13, ಕಂದು 312, ನೀಲಿ 675. ಪಟ್ಟಿ ಕಿತ್ತ ಕೂಡಲೇ ಗಾಳಿ ಒಳಹೋಗಿ ಸೆಲ್ ಕೆಲಸ ಶುರು ಮಾಡುತ್ತದೆ, ಮತ್ತೆ ಅಂಟಿಸಿದರೂ ನಿಲ್ಲುವುದಿಲ್ಲ. ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಯಂತ್ರಕ್ಕೆ ಹಾಕಿ. ನಮ್ಮ ಆಷಾಢ-ಶ್ರಾವಣದ ತೇವದಲ್ಲಿ ಸೆಲ್‌ನ ಗಾಳಿತೂತು ಕಟ್ಟಿಕೊಂಡು ಬೇಗ ಸಾಯುತ್ತದೆ, ಹಾಗಾಗಿ ಮಗುವಿನ ಚೀಲದಲ್ಲಿ ಹೊಸ ಸೆಲ್ಲುಗಳ ಒಂದು ಪ್ಯಾಕೆಟ್ಟು ಯಾವಾಗಲೂ ಇರಲಿ. ರಾತ್ರಿ ಸೆಲ್ ತೆಗೆದು, ಯಂತ್ರವನ್ನು ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದು ತಿಳಿದು ಬದಲಾಯಿಸಬೇಕು. ಮನೆಯವರಿಗೆ ಒತ್ತಿ ಹೇಳಬೇಕಾದದ್ದು ಇದು: ಒದ್ದೆ ಬಟ್ಟೆ ಒಣಗಿಸಿದ ಹಾಗೆ ಯಂತ್ರವನ್ನು ಬಚ್ಚಲೊಲೆಯ ಹತ್ತಿರ ಇಡಬೇಡಿ. ಒಂದೇ ರಾತ್ರಿಯಲ್ಲಿ ಅದು ಕೆಟ್ಟುಹೋಗುತ್ತದೆ.

ಪಾಠದ ಕ್ರಮದಲ್ಲಿ ಬದಲಾಗಬೇಕಾದದ್ದು ಹೆಚ್ಚಿಲ್ಲ. ಜಡಿಮಳೆ ಬಂದಾಗ ಹೊಸ ಪಾಠ ಹೇಳಬೇಡಿ, ಬರವಣಿಗೆ ಕೊಡಿ, ಹತ್ತಿರ ಹೋಗಿ ಒಬ್ಬೊಬ್ಬರದ್ದು ನೋಡಿ. ಮಳೆ ತುಸು ಹಿಡಿದಾಗ ಮತ್ತೆ ಪಾಠಕ್ಕೆ ಬನ್ನಿ. ಆ ಮಗುವನ್ನು ಎರಡು ಮೀಟರ್ ಒಳಗೆ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆಗಿರುವಂತೆ ಕೂರಿಸಿ. ಬೋರ್ಡಿಗೆ ಮುಖ ಮಾಡಿ ಬರೆಯುತ್ತಾ ಮಾತಾಡಬೇಡಿ. ಹಿಂದಿನ ಬೆಂಚಿನ ಹುಡುಗ ಕೊಟ್ಟ ಉತ್ತರವನ್ನು ನೀವೊಮ್ಮೆ ತಿರುಗಿ ಹೇಳಿ. ಅದು ಆ ಮಗುವನ್ನು ತಲುಪುವುದು ನಿಮ್ಮ ಬಾಯಿಯಿಂದ ಮಾತ್ರ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಬಣ್ಣ ಬಳಿಸುವ ಮೊದಲು ಶೀಟಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸಿ. ಅದರ ಲಾಭ ಶ್ರವಣದೋಷ ಇರುವ ಒಂದು ಮಗುವಿಗಷ್ಟೇ ಅಲ್ಲ, ಶಾಲೆಯ ಅಷ್ಟೂ ಮಕ್ಕಳಿಗೆ, ನಿಮ್ಮ ಗಂಟಲಿಗೂ.

ಕಿಟಕಿಯ ವಿಷಯ ಹೇಳುತ್ತಾ ಕಣ್ಣಿಗೆ ಬರೋಣ. ಮಳೆಗಾಲದಲ್ಲಿ ಬೆಳಕು ಬರುವುದು ಒಂದೋ ಎರಡೋ ಕಿಟಕಿಯಿಂದ. ಮೇಷ್ಟ್ರು ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಅವರ ಮುಖ ಕಪ್ಪು ನೆರಳು. ಅದೇ ಕಿಟಕಿಯ ಕಡೆ ಮುಖ ಮಾಡಿ ಕೂತ ಮಂದದೃಷ್ಟಿಯ ಮಗುವಿಗೆ ಕಣ್ಣು ಕುಕ್ಕುತ್ತದೆ. ಮೇಷ್ಟ್ರ ಮುಖಕ್ಕೆ ಬೆಳಕು ಬೀಳಬೇಕು, ಮಗುವಿನ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬರಬೇಕು. ಬೋರ್ಡನ್ನು ಸರಿಯಾದ ಗೋಡೆಗೆ ಬದಲಿಸಿದರೆ ಎರಡೂ ಒಟ್ಟಿಗೆ ಆಗುತ್ತದೆ. ತರಗತಿಗೆ ಬೇಕಾದ ಬೆಳಕು ಸುಮಾರು 300 ಲಕ್ಸ್ ಎನ್ನುತ್ತಾರೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಕರಾರುವಾಕ್ಕಲ್ಲ, ಆದರೂ ಯಾವ ಬೆಂಚು ಕತ್ತಲಲ್ಲಿದೆ ಎಂದು ತಿಳಿಯಲು ಅಷ್ಟು ಸಾಕು. ಕರೆಂಟು ಹೋದ ಮಧ್ಯಾಹ್ನ ಒಮ್ಮೆ ಅಳೆದು ನೋಡಿ.

6/18 ಎಂದು ಕಣ್ಣಿನ ಡಾಕ್ಟರು ಬರೆದರೆ ಏನರ್ಥ? ಸಾಮಾನ್ಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವ ಅಕ್ಷರ ಈ ಮಗುವಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ. ಕನ್ನಡಕ ಹಾಕಿದ ಮೇಲೂ, ಎರಡರಲ್ಲಿ ಒಳ್ಳೆಯ ಕಣ್ಣಿನ ದೃಷ್ಟಿ ಇದಕ್ಕಿಂತ ಮೇಲೇರದಿದ್ದರೆ ಮಂದದೃಷ್ಟಿ. 3/60ಕ್ಕಿಂತ ಕೆಳಗಿಳಿದರೆ ಅಂಧತ್ವ. ಆ ಮಗು 6 ಮೀಟರ್ ದೂರದಲ್ಲಿ ಕೂತರೆ ಕಷ್ಟಪಟ್ಟು ಗುರುತಿಸಬಲ್ಲ ಅಕ್ಷರದ ಎತ್ತರ 26 ಮಿಲಿಮೀಟರ್. ಆಯಾಸವಿಲ್ಲದೆ ಓದಲು ಅದರ ಎರಡರಷ್ಟಾದರೂ ಬೇಕು, ಎಂದರೆ ಐದಾರು ಸೆಂಟಿಮೀಟರ್. ಈ ಲೆಕ್ಕ ಇಂಗ್ಲಿಷಿನ ಸರಳ ಅಕ್ಷರಗಳದ್ದು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂತಿರುತ್ತದೆ, ಪ-ಷ-ಫ, ಬ-ಭ, ದ-ಧಗಳ ವ್ಯತ್ಯಾಸ ಒಂದು ಗೀಟಿನಷ್ಟು. ಹಾಗಾಗಿ ಒತ್ತಕ್ಷರವನ್ನು ಮೂಲ ಅಕ್ಷರದಷ್ಟೇ ದೊಡ್ಡದಾಗಿ ಬರೆಯಿರಿ. ಎಲ್ಲಕ್ಕಿಂತ ಸುಲಭದ ಉಪಾಯ ಮಗುವನ್ನು ಹತ್ತಿರ ಕರೆಯುವುದು. ದೂರ ಅರ್ಧವಾದರೆ ಅಕ್ಷರ ಎರಡರಷ್ಟಾಗಿ ಕಾಣುತ್ತದೆ. ತೇವ ಹಿಡಿದ ಬೋರ್ಡಿನ ಮೇಲೆ ಸೀಮೆಸುಣ್ಣ ಮಂಕಾಗುವ ದಿನಗಳಲ್ಲಿ, ದಪ್ಪ ಕಪ್ಪು ಮಾರ್ಕರಿನಲ್ಲಿ ಬಿಳಿ ಹಾಳೆಯ ಮೇಲೆ ಬರೆದು ಮಗುವಿನ ಕೈಗೇ ಕೊಡಿ. ಮುದ್ರಿಸುವುದಾದರೆ 18ರಿಂದ 24 ಪಾಯಿಂಟ್ ಅಕ್ಷರ.

ಪೂರ್ತಿ ಕಾಣದ ಮಗುವಿಗೆ ಬ್ರೈಲ್ ಇದೆ. ಕನ್ನಡ ಬ್ರೈಲ್‌ನಲ್ಲಿ ಅ ಎಂದರೆ ಒಂದನೇ ಚುಕ್ಕಿ, ಕ ಎಂದರೆ ಒಂದು ಮತ್ತು ಮೂರನೇ ಚುಕ್ಕಿ. ಅಲ್ಲಿ ಒತ್ತು ಕೆಳಗೆ ಕೂರುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲೇ ಬರುತ್ತದೆ. ಕಣ್ಣಿದ್ದೂ ಒತ್ತಕ್ಷರದಲ್ಲಿ ಎಡವುವ ಮಕ್ಕಳ ಕಷ್ಟ ಏನೆಂದು ಇದರಿಂದ ಸ್ವಲ್ಪ ತಿಳಿಯುತ್ತದೆ.

ಇನ್ನು ಓದಿನ ಮಾತು. ಕಿವಿ ಸರಿಯಿದೆ, ಕಣ್ಣು ಸರಿಯಿದೆ, ಬುದ್ಧಿಯೂ ಚುರುಕು, ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ, ತೋಟದ ಕೆಲಸವೆಲ್ಲ ಬರುತ್ತದೆ, ಓದಲು ಕೂರಿಸಿದರೆ ಮಾತ್ರ ಆಗುವುದಿಲ್ಲ. ಇದು ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 'ಇರಬಹುದು' ಎಂದೇ ಇಟ್ಟುಕೊಳ್ಳಿ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ ಕಾಗುಣಿತ ಸೇರಿದರೆ ಕೆಲವು ನೂರು ರೂಪಗಳು, ಒತ್ತಕ್ಷರ ಬೇರೆ. ಯಾವ ತೊಂದರೆಯೂ ಇಲ್ಲದ ಮಗುವೂ ಇವೆಲ್ಲದರ ಮೇಲೆ ಹಿಡಿತ ಸಾಧಿಸಲು ಮೂರು-ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಎರಡನೇ ತರಗತಿಯ ಮಗುವಿಗೆ ಡಿಸ್ಲೆಕ್ಸಿಯಾ (ಓದಿನ ನ್ಯೂನತೆ) ಎಂಬ ಹಣೆಪಟ್ಟಿ ಹಚ್ಚುವುದು ಅವಸರ. ಎಂಟು ವರ್ಷದ ಸುಮಾರಿಗೆ, ಮೂರನೇ ತರಗತಿಯಲ್ಲಿ, ಮೊದಲ ಪರಿಶೀಲನೆ ಮಾಡುತ್ತಾರೆ. ಸಹಾಯಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಅನುಮಾನ ಬಂದರೆ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಮಳೆ ರಜೆ, ಜ್ವರ, ಅಡಿಕೆ ಕೊಯ್ಲು ಸೇರಿ ನಲವತ್ತು-ಐವತ್ತು ದಿನ ತಪ್ಪಿದ್ದರೆ ಆ ಮಗುವಿಗೆ ಬೇಕಾದದ್ದು ತಪ್ಪಿದ ಪಾಠ. ಆಮೇಲೆ ಮನೆಮಾತು ಕೇಳಿ. ಉರ್ದು, ಕೊಂಕಣಿ, ತುಳು, ಲಂಬಾಣಿ, ತಮಿಳು ಮಾತಾಡುವ ಮನೆಯಿಂದ ಬಂದ ಮಗು ಪುಸ್ತಕದ ಕನ್ನಡವನ್ನು ಹೊಸ ಭಾಷೆಯಾಗಿ ಕಲಿಯುತ್ತಿರುತ್ತದೆ. ತನ್ನ ಮಾತಿನಲ್ಲಿ ಕಥೆ ಹೇಳಲು, ಪ್ರಾಸದ ಪದ ಹುಡುಕಲು ಬರುತ್ತದೆಯೇ ಎಂದು ಆ ಭಾಷೆ ಬಲ್ಲ ದೊಡ್ಡ ಮಕ್ಕಳ ಸಹಾಯದಿಂದ ನೋಡಿ. ಬಂದರೆ ಅದು ಭಾಷೆಯ ಅಂತರ ಅಷ್ಟೆ. ಇವೆರಡೂ ದಾಟಿದ ಮೇಲೆ ಅರ್ಥವಿಲ್ಲದ ಪದಗಳನ್ನು ಓದಿಸಿ: ಮಿಗು, ತೊಸ, ಬೀಲು, ಗರೆಪ. ಪುಸ್ತಕದ ಪಾಠವನ್ನು ಗಡಗಡ ಓದುವ ಮಗು ಇಲ್ಲಿ ನಿಂತುಬಿಟ್ಟರೆ ಇಷ್ಟು ದಿನ ಅದು ಓದುತ್ತಿದ್ದದ್ದು ಬಾಯಿಪಾಠ. ಹತ್ತು ದಿನ ತಪ್ಪುಗಳನ್ನು ಇದ್ದ ಹಾಗೇ ಬರೆದಿಡಿ: 'ಹಕ್ಕಿ'ಯನ್ನು 'ಹಕಿ' ಎಂದು, 'ಕತ್ತೆ'ಯನ್ನು 'ಕತೆ' ಎಂದು, 'ಕಾಲು'ವನ್ನು 'ಕಲು' ಎಂದು. 'ಓದಲು ಬರುವುದಿಲ್ಲ' ಎಂಬ ಷರಾದಿಂದ ಬ್ಲಾಕಿನ ವಿಶೇಷ ಶಿಕ್ಷಕರಾದ ಬಿಐಇಆರ್‌ಟಿಗೂ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಈ ತಪ್ಪುಗಳ ಹಾಳೆಯಿಂದ ಬಹಳ ತಿಳಿಯುತ್ತದೆ.

ಕಲಿಸುವ ಕ್ರಮಕ್ಕೆ ಬಂದರೆ, ನಮ್ಮಲ್ಲಿ ರ-ಗ-ಸ-ದ-ಅ ಎಂದು ಶುರು ಮಾಡುವ ಪದ್ಧತಿ ವರ್ಣಮಾಲೆಯ ಕ್ರಮಕ್ಕಿಂತ ಒಳ್ಳೆಯದು. ಐದು ಅಕ್ಷರಕ್ಕೇ ಅರಸ, ಸರ, ಗರ ಎಂದು ಪದ ಕಟ್ಟಬಹುದು. ಆದರೆ ಎರಡನೇ ಗುಂಪು ಜ-ವ-ಮ-ಬ-ನ. ಅದರಲ್ಲಿ ವ ಮತ್ತು ಮ ಒಟ್ಟಿಗೆ ಬರುತ್ತವೆ. ಎಲ್ಲ ಮಕ್ಕಳಿಗೆ ಇದು ತೊಂದರೆಯಲ್ಲ, ಎಡವುವ ಮಗುವಿಗೆ ಮಾತ್ರ ಈ ಜೋಡಿ ದೊಡ್ಡ ಕಲ್ಲು. ಅಂಥ ಮಗುವಿಗೆ ಮ ಪಕ್ಕಾ ಆಗುವವರೆಗೆ, ಎರಡು-ಮೂರು ವಾರ, ವ ತೋರಿಸಲೇಬೇಡಿ. ರ-ಠ, ಪ-ಷ, ಎ-ಏ ಜೋಡಿಗಳಿಗೂ ಇದೇ ಮಾತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ತಪ್ಪದೇ ದಿನಾ ಆಗಬೇಕು. ಮೊದಲ ಐದು ನಿಮಿಷ ಹಳೆಯ ಕಾರ್ಡುಗಳು. ಆಮೇಲೆ ಒಂದೇ ಒಂದು ಹೊಸ ಚಿಹ್ನೆ. ಗುಡಿಸು ಎಂದಿಟ್ಟುಕೊಳ್ಳಿ. ಕ-ಕಾ-ಕಿ-ಕೀ ಎಂದು ಅಡ್ಡಕ್ಕೆ ಹಾಡಿಸುವ ಬದಲು ಗುಡಿಸು ಒಂದನ್ನೇ ಹಿಡಿದು ರಿ, ಗಿ, ಸಿ, ದಿ ಎಂದು ಗೊತ್ತಿರುವ ಅಕ್ಷರಗಳ ಮೇಲೆಲ್ಲ ಕೂರಿಸಿ. ಕಾಗುಣಿತದ ರಾಗ ಮಗುವಿನ ಬಾಯಿಗೆ ಬರುತ್ತದೆ, ಕಣ್ಣಿಗೆ ಚಿಹ್ನೆ ಸಿಕ್ಕಿರುವುದಿಲ್ಲ. ಕೂಡಲೇ ಗರಿ, ಸರಿ, ಗಿರಿ, ಸಿರಿ ಎಂದು ಪದಕ್ಕೆ ಹೋಗಿ. ಕೊನೆಯ ಐದು ನಿಮಿಷ ಆ ಪದಗಳಿರುವ ಎರಡು ಸಾಲನ್ನು ಮೂರು ಸಲ ಓದಿಸಿ. ಕೊಂಬು ಕಲಿಸುವಾಗ ಪು, ವುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಕೊಂಬು ಬೇರೆ ಕಡೆ ಅಂಟುತ್ತದೆ.

ಒತ್ತಕ್ಷರದಲ್ಲಿ ಮೊದಲು ತಾಯಿಯ ಹಾಗೇ ಕಾಣುವ ಒತ್ತುಗಳು: ಗ್ಗ, ಜ್ಜ, ಡ್ಡ, ಬ್ಬ. ರೂಪವೇ ಬದಲಾಗುವ ತ, ನ, ಮ, ಯ, ರ, ಲ ಒತ್ತುಗಳು ಆಮೇಲೆ, ಒಂದು ವಾರಕ್ಕೆ ಒಂದು. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. 'ಸೂರ್ಯ'ದಲ್ಲಿ ಬಾಯಲ್ಲಿ ಮೊದಲು ಬರುವ ರ್ ಬರಹದಲ್ಲಿ ಯಕಾರದ ಆಚೆ ಕೂತಿರುತ್ತದೆ. ದನಿಯ ಕ್ರಮವನ್ನೇ ಹಿಡಿಯಲು ಹೆಣಗುವ ಮಗುವಿಗೆ ಇದು ಎರಡು ಪಟ್ಟು ಕಷ್ಟ. ಅ ಮತ್ತು ಹ, ಅಲ್ಪಪ್ರಾಣ ಮತ್ತು ಮಹಾಪ್ರಾಣ ತಪ್ಪಿದ್ದಕ್ಕೆ ಈ ಹಂತದಲ್ಲಿ ಕೆಂಪು ಗೀಟು ಎಳೆಯಬೇಡಿ. ಹತ್ತು ಸಲ ಬರೆಯುವ ಶಿಕ್ಷೆಯಂತೂ ಬೇಡವೇ ಬೇಡ. ತಪ್ಪನ್ನೇ ಹತ್ತು ಸಲ ಬರೆದು ಗಟ್ಟಿ ಮಾಡಿಕೊಳ್ಳುವ ಮಕ್ಕಳು ಬಹಳ.

ಕೈಕಾಲಿನ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ನಮ್ಮ ಕಟ್ಟಡಗಳೇ ಅಡ್ಡ. ಮಳೆನೀರು ನುಗ್ಗಬಾರದೆಂದು ಮಲೆನಾಡಿನ ಶಾಲೆಗಳ ತಳಪಾಯ ಎತ್ತರ. ರ‍್ಯಾಂಪಿನ ಇಳಿಜಾರು 1:12 ಇರಬೇಕು. ತಳಪಾಯ 45 ಸೆಂಟಿಮೀಟರ್ ಇದ್ದರೆ ರ‍್ಯಾಂಪು 5.4 ಮೀಟರ್ ಉದ್ದ, ಅಗಲ ಕನಿಷ್ಠ 1.2 ಮೀಟರ್. ಎಷ್ಟೋ ಕಡೆ ಜಾಗವಿಲ್ಲವೆಂದು ಎರಡು ಮೀಟರಿಗೆ ಮುಗಿಸಿ ಫೋಟೋ ತೆಗೆದು ಕಳಿಸುತ್ತಾರೆ. ಅದರ ಮೇಲೆ ವ್ಹೀಲ್‌ಚೇರ್ ತಳ್ಳಿದರೆ ಹಿಂದಕ್ಕೆ ಮಗುಚುತ್ತದೆ. ಜಾಗವಿಲ್ಲದಿದ್ದರೆ ಮಧ್ಯೆ ಚಪ್ಪಟೆ ಜಾಗ ಬಿಟ್ಟು ತಿರುಗಿಸಿ ಕಟ್ಟಿಸಿ. ಜುಲೈ ಬಂತೆಂದರೆ ಸಿಮೆಂಟಿನ ಮೇಲೆ ಹಾವಸೆ ಹಿಡಿಯುತ್ತದೆ. ಹಾವಸೆ ಹಿಡಿದ ರ‍್ಯಾಂಪು ಮೆಟ್ಟಿಲಿಗಿಂತ ಅಪಾಯ. ಸಿಮೆಂಟು ಹಸಿಯಿರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಡ್ಡ ಗೀರಿಸಿ, ಮೇಲೆ ಮಾಡಿನ ಸೋಗೆ ಮುಂದಕ್ಕೆ ತನ್ನಿ, ಎರಡೂ ಪಕ್ಕ ಕಂಬಿ ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ರ‍್ಯಾಂಪು ಹತ್ತಿ ಬಂದ ಗಾಲಿ ಕೊನೆಗೆ ಹೊಸ್ತಿಲಿಗೆ ತಾಗಿ ನಿಲ್ಲಬಾರದು, ಅದನ್ನೂ ನೋಡಿಕೊಳ್ಳಿ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿನ ಕೈಬರಹ ಸುಧಾರಿಸಬೇಕಾದರೆ ಮೊದಲು ಪಾದ ನೋಡಬೇಕು. ಪಾದ ನೇತಾಡುತ್ತಿದ್ದರೆ ಸೊಂಟ ಜಾರುತ್ತದೆ, ಸೊಂಟ ಜಾರಿದರೆ ಕೈ ಬಿಗಿಯುತ್ತದೆ. ಸೊಂಟ, ಮಂಡಿ, ಹಿಮ್ಮಡಿ ಮೂರೂ 90 ಡಿಗ್ರಿಯಲ್ಲಿರಬೇಕು, ಮೇಜು ಮೊಣಕೈ ಎತ್ತರಕ್ಕಿರಬೇಕು. ಪಾದದ ಕೆಳಗೆ ಇಡಲು ಅಡಿಕೆ ದಬ್ಬೆಗಳನ್ನು ಒಟ್ಟು ಮಾಡಿ ಮೊಳೆ ಹೊಡೆದ ಮಣೆ ಸಾಕು. ದಬ್ಬೆಯ ಸಿಬಿರು ಚುಚ್ಚದಂತೆ ಮೇಲೆ ಹಳೆಯ ಚಾಪೆ ಸುತ್ತಿ. ನಡೆಯಲು ಅಭ್ಯಾಸ ಮಾಡುವ ಮಗುವಿಗೆ ಜಗುಲಿಯಲ್ಲಿ ಎರಡು ಸಾಲು ದಬ್ಬೆ ಕಟ್ಟಿದರೆ ಹಿಡಿದು ನಡೆಯುವ ಕಂಬಿಯಾಗುತ್ತದೆ. ಪೆನ್ಸಿಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಹಿಡಿತ ಸಿಗುತ್ತದೆ.

ಬೌದ್ಧಿಕ ವಿಕಲತೆ ಇರುವ ಮಗುವಿಗೆ ಕಲಿಸುವ ಬಗೆಯನ್ನು ರೈನ್‌ಕೋಟಿನಿಂದಲೇ ಹೇಳಬಹುದು. ಶಾಲೆಗೆ ಬಂದ ಮಗು ರೈನ್‌ಕೋಟ್ ತೆಗೆದು ಮೊಳೆಗೆ ಹಾಕಬೇಕು. ನಮಗೆ ಇದು ಒಂದು ಕೆಲಸ. ಬಿಡಿಸಿದರೆ ಏಳು: ಟೋಪಿ ಹಿಂದಕ್ಕೆ ಸರಿಸುವುದು, ಗುಂಡಿಗಳನ್ನು ಮೇಲಿನಿಂದ ಬಿಚ್ಚುವುದು, ಬಲತೋಳು ಎಳೆಯುವುದು, ಎಡತೋಳು ಎಳೆಯುವುದು, ನೀರು ಕೊಡವುವುದು, ಚಿತ್ರ ಅಂಟಿಸಿದ ತನ್ನ ಮೊಳೆಯನ್ನು ಗುರುತಿಸುವುದು, ಕುಣಿಕೆ ಸಿಕ್ಕಿಸುವುದು. ಕೊನೆಯಿಂದ ಕಲಿಸಿ. ಮೊದಲ ಆರನ್ನು ನೀವು ಮಾಡಿ, ಕುಣಿಕೆ ಸಿಕ್ಕಿಸುವುದಷ್ಟೇ ಮಗುವಿನ ಪಾಲು. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲೇ. ಸಹಾಯವನ್ನು ಹಂತಹಂತವಾಗಿ ಇಳಿಸಿ: ಮೊದಲು ಕೈ ಹಿಡಿದು, ಆಮೇಲೆ ಮೊಣಕೈ ಮುಟ್ಟಿ, ಆಮೇಲೆ ಬೆರಳು ತೋರಿಸಿ, ಕೊನೆಗೆ ಸುಮ್ಮನೆ ಐದು ಸೆಕೆಂಡ್ ಕಾದು. 'ಹಾಕು, ಹಾಕು, ಇಲ್ಲಿ ಹಾಕು' ಎಂದು ಬಾಯಲ್ಲಿ ಹೇಳುತ್ತಲೇ ಇದ್ದರೆ ಮಗು ಆ ಮಾತಿಗೇ ಕಾಯುವುದನ್ನು ಕಲಿಯುತ್ತದೆ. ಬಿಡಿಸಲು ಎಲ್ಲಕ್ಕಿಂತ ಕಷ್ಟದ ಸಹಾಯ ಅದೇ. ಐದರಲ್ಲಿ ನಾಲ್ಕು ಸಲ, ಸತತ ಮೂರು ದಿನ ತಾನೇ ಮಾಡಿದರೆ ಮುಂದಿನ ಹಂತ.

ಆಟಿಸಂ ಇರುವ ಮಗುವಿಗೆ ಮಳೆಯ ಸದ್ದು, ಒದ್ದೆ ಬಟ್ಟೆ, ದಿಢೀರನೆ ರದ್ದಾದ ಆಟದ ಅವಧಿ ಮೂರೂ ಸಂಕಟ. ದಿನದ ಅವಧಿಗಳನ್ನು ಚಿತ್ರಗಳಾಗಿ ಸಾಲಾಗಿ ತೂಗುಹಾಕಿ. ಮಳೆ ಬಂದರೆ ಆಟದ ಚಿತ್ರ ತೆಗೆದು ಬದಲಿ ಚಿತ್ರವನ್ನು ಮಗುವಿನ ಕೈಯಲ್ಲೇ ಹಾಕಿಸಿ, ಅದೂ ಬೆಲ್ ಹೊಡೆಯುವ ಮೊದಲೇ. ಇನ್ನು ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಗಡಿಯಾರ ನೋಡಿ, ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ, ಒಂದಾದ ಮೇಲೊಂದು ಬಂದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರಲು ಹೊತ್ತಾಗುವ ಊರುಗಳಲ್ಲಿ ಯಾರ ವಾಹನ ಎಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಕಾಗದಪತ್ರಗಳ ಕೆಲಸವನ್ನು ಅಪ್ಪ-ಅಮ್ಮಂದಿರ ಮೇಲೆ ಪೂರ್ತಿ ಬಿಡಬೇಡಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು, ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗೆ ಹೋಗಬೇಕಾಗಬಹುದು. ಹಿನ್ನೀರಿನ ಆಚೆಯ ಮನೆಗೆ ಅದು ಒಂದಿಡೀ ದಿನದ ಕೂಲಿ. ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು, ಎಂದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಇರುವುದು ಈ ಓಡಾಟಕ್ಕೆ ಜೊತೆಯಾಗಲೆಂದೇ. ಅವರ ನಂಬರು ನಿಮ್ಮ ಹತ್ತಿರ ಇರಲಿ. ಕಿವಿ, ಮಾತಿನ ವಿವರವಾದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಾಲೆಗೆ ಬರಲಾಗದಷ್ಟು ತೀವ್ರ ವಿಕಲತೆಯಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಂತೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕಿದೆ. ಆದರೆ ರ‍್ಯಾಂಪು ಇಲ್ಲ ಎಂಬ ಕಾರಣಕ್ಕೆ ಮಗುವನ್ನು ಆ ಪಟ್ಟಿಗೆ ಹಾಕುವುದು ತಪ್ಪು. ವಿಶೇಷ ಶಿಕ್ಷಕರು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15ಕ್ಕೆ ಒಬ್ಬರು ಇರಬೇಕೆಂದು, ಸುಪ್ರೀಂ ಕೋರ್ಟಿನ 2021ರ ತೀರ್ಪಿನ ಮೇಲೆ, ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಅಷ್ಟು ಜನ ನಮ್ಮ ಬ್ಲಾಕುಗಳಿಗೆ ಬರುವವರೆಗೂ ಕೆಲಸ ನಿಮ್ಮದೇ.

ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಎಂಟು ಪುಟದ ನಮೂನೆ ತುಂಬುವ ಬದಲು ಒಂದು ಹಾಳೆ ಬರೆಯಿರಿ. 'ಕನ್ನಡ ಓದುವುದನ್ನು ಸುಧಾರಿಸುವುದು' ಎಂಬುದು ಗುರಿಯಲ್ಲ. 'ಗುಡಿಸು ಮತ್ತು ಕೊಂಬು ಇರುವ ಎರಡಕ್ಷರದ 20 ಪದಗಳಲ್ಲಿ 16ನ್ನು ದಸರಾ ರಜೆಯೊಳಗೆ ತಾನೇ ಓದುವುದು' ಎಂಬುದು ಗುರಿ. ಈಗ ಎಷ್ಟು ಬರುತ್ತದೆ, ಯಾರು, ಯಾವ ಹೊತ್ತಿನಲ್ಲಿ ಕಲಿಸುತ್ತಾರೆ, ಯಾವ ದಿನ ಪರೀಕ್ಷಿಸುತ್ತಾರೆ ಎಂದು ಕೆಳಗೆ ಬರೆಯಿರಿ. ಎಲ್ಲಿ ಕೂರಿಸಿದರೆ ಕೇಳುತ್ತದೆ, ಎಷ್ಟು ದೊಡ್ಡ ಅಕ್ಷರ ಬೇಕು, ಲಿಪಿಕಾರರಿಗೆ ಹೇಳಿ ಬರೆಸುವ ಅಭ್ಯಾಸ ಶುರುವಾಗಿದೆಯೇ ಎಂಬುದನ್ನೂ ಸೇರಿಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರ, ಎರಡನೇ-ಮೂರನೇ ಭಾಷೆಯ ವಿನಾಯಿತಿಗಳಿಗೆ 2016ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಆದರೆ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ, ವಾಕ್ಯ ವಾಕ್ಯವಾಗಿ ಇನ್ನೊಬ್ಬರಿಗೆ ಹೇಳಿ ಬರೆಸುವುದು ಎಸ್ಎಸ್ಎಲ್‌ಸಿ ಪರೀಕ್ಷೆಯ ಹಿಂದಿನ ವಾರ ಬರುವ ವಿದ್ಯೆಯಲ್ಲ. ಆರನೇ ತರಗತಿಯಿಂದಲೇ ಕಿರುಪರೀಕ್ಷೆಗಳಲ್ಲಿ ಮಾಡಿಸುತ್ತಾ ಬರಬೇಕು. ಏಳನೇ ತರಗತಿ ಮುಗಿಸಿ ಮಗು ಬೇರೆ ಊರಿನ ಹೈಸ್ಕೂಲಿಗೆ ಹೋಗುವಾಗ ಟಿ.ಸಿ. ಮಾತ್ರ ಹೋಗುತ್ತದೆ. ಅಲ್ಲಿನ ಮೇಷ್ಟ್ರು ಮತ್ತೆ ಜೂನ್ ಮಳೆಯಲ್ಲಿ ಮೊದಲಿನಿಂದ ಶುರು ಮಾಡುತ್ತಾರೆ, ಮಗು ಮತ್ತೆ ಕೊನೆಯ ಬೆಂಚಿಗೆ ಹೋಗುತ್ತದೆ. ಆ ಒಂದು ಹಾಳೆಯನ್ನು ಟಿ.ಸಿ.ಗೆ ಪಿನ್ ಹೊಡೆದು ಕಳಿಸಿ. ಒಂದು ಪ್ರತಿ ಅಪ್ಪ-ಅಮ್ಮನ ಕೈಯಲ್ಲಿರಲಿ, ಪ್ಲಾಸ್ಟಿಕ್ ಕವರಿನೊಳಗೆ.